ಮಿಲ್ಲಿನ ನೆಲ, ಮಾಲಿನ ಬಾಡಿಗೆ



ಹೊಯ್ಸಳ ಶಿಲ್ಪ, ವಚನ, ಗಮಕ ಎಲ್ಲ ಆದ ವೇದಿಕೆಯಲ್ಲಿ ಮಾಲ್ ಬಗ್ಗೆ ಮಾತೇ ಎಂದು ಕೆಲವರಿಗೆ ಅನ್ನಿಸಿರಬಹುದು. ಆದರೆ ನಮ್ಮ ಹಾಸನದ ಕಡೆಯ ಮನೆಗಳ ಹುಡುಗರು ಬೆಂಗಳೂರಿಗೆ ಹೋದರೆ ಭಾನುವಾರ ಕಳೆಯುವುದು ಅಲ್ಲೇ. ಅವರಲ್ಲಿ ಕೆಲವರು ದುಡಿಯುವುದೂ ಅಲ್ಲೇ. ಅದರ ಚರಿತ್ರೆ ನಮಗೂ ಸ್ವಲ್ಪ ಬೇಕು.

2017ರಲ್ಲಿ ಶ್ರವಣಬೆಳಗೊಳದ ದಾರಿಯ ರೈಲು ಶುರುವಾದ ಮೇಲೆ ನಮ್ಮಲ್ಲಿ ಬಹಳ ಜನ ಯಶವಂತಪುರದಲ್ಲಿ ಇಳಿಯುತ್ತೇವೆ. ಅಲ್ಲಿಂದ ಕೆಲವೇ ಕಿಲೋಮೀಟರಿನ ವ್ಯಾಪ್ತಿಯಲ್ಲಿ ರಾಜಾಜಿನಗರದ ಒರಾಯನ್, ಮಲ್ಲೇಶ್ವರದ ಮಂತ್ರಿ ಸ್ಕ್ವೇರ್, ಇನ್ನೂ ಸ್ವಲ್ಪ ಆಚೆ ಲುಲು. ಇಷ್ಟೊಂದು ಮಾಲ್‌ಗಳು ಇಲ್ಲೇ ಏಕೆ ಗುಂಪಾದವು? ಅಂಗಡಿಗಳನ್ನು ಬಿಟ್ಟು ನೆಲ ನೋಡಿದರೆ ಉತ್ತರ ಸಿಗುತ್ತದೆ. ಹಿಂದೆ ಹತ್ತಿ ಬರಬೇಕು, ಬಟ್ಟೆ ಹೋಗಬೇಕು ಎಂದು ರೈಲು ಹಳಿಯ ಆಸುಪಾಸಿನಲ್ಲಿ ಮಿಲ್ಲುಗಳನ್ನು ಕಟ್ಟಿದರು. ಮಿಲ್ಲು ಮುಚ್ಚಿದಾಗ ಊರಿನ ನಡುವೆ ಎಕರೆಗಟ್ಟಲೆ ಜಾಗ ಒಂದೇ ಖಾತೆಯಲ್ಲಿ ಉಳಿಯಿತು. ಮೂವತ್ತು ಜನರ ಬಳಿ ಮೂವತ್ತು ಸೈಟು ಕೊಂಡು ಮಾಲ್ ಕಟ್ಟಲು ಯಾರಿಗೆ ಸಾಧ್ಯ? ಹಾಗಾಗಿ 2010ರಲ್ಲಿ ತೆರೆದ ಮಂತ್ರಿ ಸ್ಕ್ವೇರ್ ನಿಂತದ್ದು ರಾಜಾ ಮಿಲ್ಲಿನ ನೆಲದಲ್ಲಿ. 2012ರ ಒರಾಯನ್ ನಿಂತದ್ದು ಕಿರ್ಲೋಸ್ಕರ್ ಕಾರ್ಖಾನೆಯ ನೆಲದಲ್ಲಿ. 2021ರಲ್ಲಿ ಬಂದ ಲುಲು ಇರುವುದು ಮಿನರ್ವಾ ಮಿಲ್ಲಿನ ಜಾಗದಲ್ಲಿ.

ಮಿನರ್ವಾ ಎಂದಾಗ ವಕೀಲರು ಕಿವಿ ನಿಮಿರಿಸುತ್ತಾರೆ, ಸಹಜ. ರೋಗಗ್ರಸ್ತ ಎಂದು ಸರ್ಕಾರ ವಹಿಸಿಕೊಂಡ ಈ ಮಿಲ್ಲಿನ ಮೊಕದ್ದಮೆಯಲ್ಲೇ 1980ರಲ್ಲಿ ಸುಪ್ರೀಂ ಕೋರ್ಟು 42ನೇ ತಿದ್ದುಪಡಿಯ ಎರಡು ಭಾಗಗಳನ್ನು ಹೊಡೆದುಹಾಕಿತು. ಸಂವಿಧಾನದ ಮೂಲ ರಚನೆಗೆ ಕೈ ಹಾಕಲು ಸಂಸತ್ತಿಗೂ ಮಿತಿಯಿದೆ ಎಂದು ಗಟ್ಟಿಯಾಗಿ ಹೇಳಿದ ತೀರ್ಪು ಅದು. ಇವತ್ತು ಅಲ್ಲಿ ತರಕಾರಿ ತಳ್ಳುಗಾಡಿ ಉರುಳಿಸುವವರಿಗೆ ಇದನ್ನು ತಿಳಿಸುವ ಒಂದು ಫಲಕವಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ಆಸೆ.

ಇನ್ನು ಅಂಗಡಿಗಳ ವಿಷಯ. ಮಾಲ್ ಎಂಬುದು ದೊಡ್ಡ ಅಂಗಡಿ ಅಂದುಕೊಳ್ಳುತ್ತೇವೆ. ಅಲ್ಲ, ಅದು ದೊಡ್ಡ ಬಾಡಿಗೆ ಮನೆ. ಸಾಮಾನ್ಯವಾಗಿ ಮಾಲೀಕ ಎರಡು ಲೆಕ್ಕ ಇಟ್ಟುಕೊಳ್ಳುತ್ತಾನೆ: ಚದರಡಿಗೆ ಇಂತಿಷ್ಟು ಎಂಬ ಕನಿಷ್ಠ ಬಾಡಿಗೆ ಒಂದು, ವಹಿವಾಟಿನಲ್ಲಿ ಶೇಕಡಾವಾರು ಪಾಲು ಇನ್ನೊಂದು. ಯಾವುದು ಹೆಚ್ಚೋ ಅದು ಅವನಿಗೆ. ಇದರ ಮೇಲೆ ಎಸಿ, ಎಸ್ಕಲೇಟರ್, ಕಾವಲು, ಕಕ್ಕಸು ಎಲ್ಲಕ್ಕೂ ನಿರ್ವಹಣೆ ಶುಲ್ಕ. ದೊಡ್ಡ ಸೂಪರ್ ಮಾರ್ಕೆಟ್ಟಿಗೂ ಸಿನಿಮಾ ಪರದೆಗಳಿಗೂ ಬಾಡಿಗೆ ಅಗ್ಗ, ಏಕೆಂದರೆ ಜನರನ್ನು ಕರೆತರುವವರು ಅವರು. ಆ ಜನ ಹಾದುಹೋಗುವ ಓಣಿಯಲ್ಲಿ ಮೊಬೈಲ್ ಕವರ್ ಮಾರುವವನು ಚದರಡಿಗೆ ಕೊಡುವ ದರ ಅವರದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಈ ಲೆಕ್ಕ ಗೊತ್ತಿದ್ದರೆ ಯಾವ ಅಂಗಡಿ ಮೊದಲು ಕಾಣೆಯಾಗುತ್ತದೆಂದು ಊಹಿಸಬಹುದು. ಕೋರಮಂಗಲದಲ್ಲಿ 2004ರಲ್ಲಿ ಫೋರಂ ಮಾಲ್ ತೆರೆದಾಗ ಹನ್ನೊಂದು ಪರದೆಯ ಪಿವಿಆರ್ ನೋಡಲು ಊರೇ ಹೋಯಿತು. ನನಗೆ ಮುಖ್ಯವಾಗಿದ್ದು ಲ್ಯಾಂಡ್‌ಮಾರ್ಕ್ ಎಂಬ ಪುಸ್ತಕದಂಗಡಿ. ಅಲ್ಲಿ ನಿಂತು ಓದುವವರೇ ಹೆಚ್ಚು, ಕೊಳ್ಳುವವರು ಕಡಿಮೆ, ಪುಸ್ತಕದ ಲಾಭವೂ ಅಷ್ಟಕ್ಕಷ್ಟೇ. ಕಪಾಟು ತುಂಬಾ ಜಾಗ ಬೇಕು, ಜಾಗಕ್ಕೆ ಬಾಡಿಗೆ ಬೇಕು. ಅದು ಹೋಯಿತು. ಸಿ.ಡಿ. ಮಾರುತ್ತಿದ್ದ ಅಂಗಡಿಗಳು ಎಲ್ಲ ಮಾಲ್‌ಗಳಿಂದಲೂ ಹೋದವು. ಕೊನೆಗೆ ಮಾಲಿನ ಹೆಸರೇ ಹೋಯಿತು: ಬ್ಲ್ಯಾಕ್‌ಸ್ಟೋನ್ ಎಂಬ ಅಮೆರಿಕದ ಹೂಡಿಕೆ ಸಂಸ್ಥೆ ಅದನ್ನು ಕೊಂಡ ಮೇಲೆ ಈಗ ಅದು ನೆಕ್ಸಸ್. ಆಟೋದವರು ಮಾತ್ರ ಇನ್ನೂ ಫೋರಂ ಅನ್ನುತ್ತಾರೆ. ದೊಡ್ಡವರೂ ಉಳಿಯಲಿಲ್ಲ. ಬಾಡಿಗೆ ಬಾಕಿ, ಸಾಲಗಳ ನಡುವೆ 2022ರಲ್ಲಿ ಬಿಗ್ ಬಜಾರ್ ಮಳಿಗೆಗಳ ಜಾಗ ರಿಲಯನ್ಸ್ ಪಾಲಾಯಿತು. ಯಶವಂತಪುರದಲ್ಲಿ 2003ರಲ್ಲಿ ಭಾರತದ ತನ್ನ ಮೊದಲ ಮಳಿಗೆ ತೆರೆದ ಜರ್ಮನಿಯ ಮೆಟ್ರೋ ಕೂಡ 2023ರಲ್ಲಿ ಅದೇ ರಿಲಯನ್ಸಿನ ಕೈಗೆ ಹೋಯಿತು.

ಒಂದೇ ಸೂರಿನಡಿಯ ಇಂಥ ಮಾಲನ್ನು ಮೊದಲು ಯೋಚಿಸಿದವನು ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ವಿಕ್ಟರ್ ಗ್ರೂಯೆನ್. 1956ರಲ್ಲಿ ಮಿನ್ನೆಸೋಟದಲ್ಲಿ ಸೌತ್‌ಡೇಲ್ ತೆರೆದಾಗ ಅವನ ಕಣ್ಣೆದುರು ಇದ್ದದ್ದು ತನ್ನೂರಿನ ಚೌಕ: ಸುತ್ತ ಮನೆ, ಶಾಲೆ, ಉದ್ಯಾನ, ನಡುವೆ ಜನ. ಕಟ್ಟಿಸಿದವರು ಅಂಗಡಿಯನ್ನಷ್ಟೇ ಉಳಿಸಿಕೊಂಡರು, ಸುತ್ತ ವಾಹನ ನಿಲ್ಲಿಸುವ ಬಯಲು ಮಾಡಿದರು. ಕೊನೆಗಾಲದಲ್ಲಿ ಅವನೇ ಇದು ತನ್ನದಲ್ಲ ಎಂದು ಕೈ ತೊಳೆದುಕೊಂಡ.

ನಮ್ಮಲ್ಲೂ ಚೌಕವಿದೆ, ಸಂತೆ ಅದರ ಹೆಸರು. ಹಾಸನದ ಮಂಗಳವಾರದ ಸಂತೆಯಲ್ಲಿ ಮಾರುವವಳು ಅವತ್ತಿನ ಸುಂಕ ಕೊಟ್ಟು ಗೋಣಿ ಹಾಸುತ್ತಾಳೆ. ವ್ಯಾಪಾರ ಆಗಲಿಲ್ಲವೇ, ಅವಳಿಗೆ ಒಂದು ದಿನದ ನಷ್ಟ, ಮಾಲಿನಂತೆ ಮೂರು ವರ್ಷದ ಕರಾರಿನದಲ್ಲ. ಸಂತೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಮಳೆ ಬಂದರೆ ಕೆಸರು, ಹೆಂಗಸರಿಗೆ ಶೌಚಾಲಯವಿಲ್ಲ, ತೂಕದಲ್ಲಿ ಮೋಸವೂ ಉಂಟು. ಮಾಲಿನಲ್ಲಿ ಒಬ್ಬ ಹೆಣ್ಣುಮಗಳು ಒಂಟಿಯಾಗಿ ಎರಡು ಗಂಟೆ ಕೂತು ಬರಬಹುದು, ಅದು ಸಣ್ಣ ಮಾತಲ್ಲ. ಆದರೆ ಸಂತೆಗೆ ಬಾಗಿಲಿಲ್ಲ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ, ಸಿನಿಮಾ ಟಿಕೆಟ್ ಕೈಯಲ್ಲಿದ್ದ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಕ್ಕೆ ಒಳಗೆ ಬಿಡಲಿಲ್ಲ. ಸದನದಲ್ಲಿ ಗದ್ದಲವಾಗಿ, ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಹತ್ತಿ ಬೆಳೆಯುವ ಜಿಲ್ಲೆಯಿಂದ ಬಂದವರಿಗೆ, ಮಿಲ್ಲುಗಳಿದ್ದ ರಸ್ತೆಯಲ್ಲಿ, ಹತ್ತಿ ಬಟ್ಟೆಯ ಕಾರಣಕ್ಕೆ ಬಾಗಿಲು ಹಾಕಿದ್ದು!

ಬಾಗಿಲು ಅಂಗಡಿಯವರ ಕೈಯಲ್ಲೂ ಇಲ್ಲ. ಆಸ್ತಿ ತೆರಿಗೆ ಬಾಕಿ ಎಂದು ಮಂತ್ರಿ ಸ್ಕ್ವೇರಿಗೆ ಪಾಲಿಕೆ 2021ರಿಂದೀಚೆಗೆ ಒಂದಕ್ಕಿಂತ ಹೆಚ್ಚು ಸಲ ಬೀಗ ಹಾಕಿತು. ಬಾಕಿ ಕಟ್ಟಡದ್ದು, ವ್ಯಾಪಾರ ನಿಂತದ್ದು ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದವರದ್ದು. ಅಲ್ಲಿ ದಿನಗೂಲಿಯ ಮೇಲೆ ನಿಂತಿದ್ದ ಹುಡುಗ ಹುಡುಗಿಯರದು ಬೇರೆಯೇ ಕಷ್ಟ.

ನಮ್ಮ ಹಾಸನದ ಬಿ.ಎಂ. ರಸ್ತೆಯಲ್ಲೂ ಗಾಜಿನ ಮುಖದ ಕಟ್ಟಡಗಳು ಏಳುತ್ತಿವೆ. ಇಲ್ಲಿ ಕೂತಿರುವ ವರ್ತಕರಲ್ಲಿ ಯಾರಿಗಾದರೂ ಅಂಥ ಕಡೆ ಮಳಿಗೆ ಹಿಡಿಯುವ ಯೋಚನೆಯಿದ್ದರೆ, ಮುಂಗಡ ಕೊಡುವ ಮೊದಲು ಕರಾರಿನಲ್ಲಿ ನಾಲ್ಕು ಕಡೆ ಬೆರಳಿಟ್ಟು ಓದಿ. ಹೇಳಿದ ಚದರಡಿಯಲ್ಲಿ ನಿಮ್ಮ ಗೋಡೆಯೊಳಗೆ ಸಿಗುವುದೆಷ್ಟು, ನಿರ್ವಹಣೆ ಶುಲ್ಕ ವರ್ಷಕ್ಕೆಷ್ಟು ಏರುತ್ತದೆ, ನಡುವೆ ಬಿಡಬೇಕೆಂದರೆ ಎಷ್ಟು ತಿಂಗಳು ಕಟ್ಟಬೇಕು, ಕಟ್ಟಡದ ತೆರಿಗೆ ಬಾಕಿಯಿಂದ ಬೀಗ ಬಿದ್ದರೆ ಆ ದಿನಗಳ ಬಾಡಿಗೆ ಯಾರ ತಲೆಗೆ. ನಾಲ್ಕನೆಯದು ಕರಾರಿನಲ್ಲಿ ಇಲ್ಲದಿದ್ದರೆ ಬರೆಸಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಗಳಿರಲಿ.