ಚಳಿಗಾಲದಲ್ಲಿ ಆರ್ಕಿಡ್ ಗಿಡಗಳ ಆರೈಕೆ

(ಕೃಷ್ಣರಾಜಪುರದ ಸುತ್ತಿನ ಹಳ್ಳಿಗಳ ಗೃಹಿಣಿಯರ ಸಭೆಯಲ್ಲಿ ಮಾಡಿದ ಭಾಷಣ)



ಆರ್ಕಿಡ್ ಎಂದೊಡನೆ ಅದು ದಂಡಿನ ಬಂಗಲೆಗಳ ಸಿರಿವಂತರ ಗಿಡವೆಂದು ಅನೇಕರು ಭಾವಿಸುವುದುಂಟು. ವಾಸ್ತವವಾಗಿ ಇದು ನಮ್ಮ ನಾಡಿನದೂ ಹೌದು. ಮಲೆನಾಡಿನ ಮರಗಳಿಂದ ಮಳೆಗಾಲದ ಮೊದಲಿಗೆ ಜಡೆಯಂತೆ ಇಳಿಬೀಳುವ ಸೀತಾಳೆ ದಂಡೆ ಈ ಕುಲಕ್ಕೇ ಸೇರಿದ್ದು. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಒಂದೆರಡು ಕುಂಡ ಕೊಂಡು ತರುತ್ತಾರೆ. ಆದರೆ ಅದೇ ಚಳಿಯ ಕಾಲ. ಕಾಸು ಕೊಟ್ಟು ತಂದ ಗಿಡ ಶಿವರಾತ್ರಿಯೊಳಗೆ ಕೊಳೆತುಹೋದರೆ ಹಣವೂ ಹೋಯಿತು, ಉತ್ಸಾಹವೂ ಹೋಯಿತು. ಹಾಗಾಗದಂತೆ ನೋಡಿಕೊಳ್ಳುವುದು ಕಷ್ಟವೇನಲ್ಲ.

ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸಾಮಾನ್ಯವಾಗಿ 15–16 ಡಿಗ್ರಿಗೆ ಇಳಿಯುತ್ತದೆ. 1884ರ ಜನವರಿ 13ರಂದು 7.8 ಡಿಗ್ರಿಯವರೆಗೂ ಇಳಿದಿತ್ತು. ಪೇಟೆಯಲ್ಲಿ ಹೆಚ್ಚಾಗಿ ದೊರೆಯುವ ಫೆಲನಾಪ್ಸಿಸ್ ಬಿಸಿ ಪ್ರದೇಶದ ಗಿಡ. 15 ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ ಆಗದು. ಆದ್ದರಿಂದ ರಾತ್ರಿ ಅದನ್ನು ಮನೆಯೊಳಗೆ ಇಡತಕ್ಕದ್ದು.

ಹಲಸೂರು, ಶಿವಾಜಿನಗರದಂಥ ಒತ್ತೊತ್ತಾದ ಮನೆಗಳಲ್ಲಾಗಲಿ, ಹಳ್ಳಿಯ ಮನೆಯಲ್ಲಾಗಲಿ, ಮೂಡಲ ಕಿಟಕಿ ಇದಕ್ಕೆ ತಕ್ಕ ಜಾಗ. ಬೆಳಗಿನ ಎಳೆಬಿಸಿಲು ಹಿತ. ನಡುಹಗಲಿನ ಬಿಸಿಲು ಎಲೆಯನ್ನು ಸುಡುತ್ತದೆ. ಎಲೆ ಕಡುಹಸಿರಾದರೆ ಬೆಳಕು ಸಾಲದೆಂದೂ ಹಳದಿಗೆ ತಿರುಗಿದರೆ ಬಿಸಿಲು ಹೆಚ್ಚಾಗಿರಬಹುದೆಂದೂ ತಿಳಿಯಿರಿ.

ಗಿಡ ಸಾಯುವುದು ಚಳಿಗಿಂತ ಹೆಚ್ಚಾಗಿ ನೀರಿನಿಂದ. ಇವು ಮರದ ಮೇಲೆ ಗಾಳಿಯಲ್ಲಿ ಬೇರು ಬಿಟ್ಟು ಬದುಕುವ ಗಿಡಗಳು. ಕುಂಡಕ್ಕೆ ಮಣ್ಣು ಹಾಕಬೇಡಿ. ಇದ್ದಿಲು, ಒಡೆದ ಇಟ್ಟಿಗೆ, ತೆಂಗಿನ ಸಿಪ್ಪೆಯ ತುಂಡುಗಳು ಸಾಕು. ಬೇರಿನ ಹೊರಗೆ ನೀರು ಹೀರುವ ಮೆತ್ತನೆಯ ಪದರವಿದೆ. ಅದು ಬೆಳ್ಳಗೆ ಕಂಡರೆ ನೀರು ಕೊಡಿ, ಹಸಿರಾಗಿದ್ದರೆ ಸುಮ್ಮನಿರಿ. ನೀರನ್ನು ಬೆಳಿಗ್ಗೆಯೇ ಹಾಕತಕ್ಕದ್ದು. ಸಂಜೆ ಹಾಕಿದರೆ ಎಲೆಯ ಸುಳಿಯಲ್ಲಿ ನಿಂತು ರಾತ್ರಿಯ ತಂಪಿಗೆ ಕೊಳೆ ಹಿಡಿಯುತ್ತದೆ. ಕೃಷ್ಣರಾಜಪುರದ ಕಡೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಅದರ ಉಪ್ಪು ಬೇರಿಗೆ ಕೂಡುತ್ತದೆ. ಹಿಡಿದಿಟ್ಟ ಮಳೆನೀರು ಉತ್ತಮ.

ಚಳಿಗಾಲದ ಗಾಳಿ ಒಣಗಿರುತ್ತದೆ. ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹಾಕಿ, ಕುಂಡದ ಬುಡ ನೀರಿಗೆ ತಾಗದಂತೆ ಕಲ್ಲಿನ ಮೇಲಿಡಿ. ಮಾಗುವ ಬಾಳೆಗೊನೆ ಇರುವ ಕೋಣೆಯಲ್ಲಾಗಲಿ ಒಲೆಯ ಹೊಗೆ ತಾಗುವಲ್ಲಾಗಲಿ ಇಡಬೇಡಿ. ಅವುಗಳಿಂದ ಹೊರಡುವ ಎಥಿಲೀನ್ ಎಂಬ ಅನಿಲದಿಂದ ಮೊಗ್ಗು ಉದುರುತ್ತದೆ.

ಎಲ್ಲ ಜಾತಿಗೂ ಒಂದೇ ನಿಯಮವಿಲ್ಲ. ಡೆಂಡ್ರೋಬಿಯಂ ನೋಬಿಲೆ ಎಂಬ ಜಾತಿಗೆ ಚಳಿಗಾಲವೇ ವಿಶ್ರಾಂತಿ. ಆಗ ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ, ತಂಪಾದ ಬೆಳಕಿನ ಜಾಗದಲ್ಲಿಡಿ. ಎಲೆ ಉದುರಿತೆಂದು ಗಿಡವನ್ನು ತಿಪ್ಪೆಗೆ ಎಸೆಯಬೇಡಿ. ಕಾಂಡ ಹಸಿರಾಗಿ ಗಟ್ಟಿಯಾಗಿದ್ದರೆ ಆ ಬೋಳು ಕಾಂಡದ ಗಿಣ್ಣುಗಳಲ್ಲೇ ಮುಂದೆ ಮೊಗ್ಗು ಮೂಡುತ್ತದೆ.

ಕಡೆಯದಾಗಿ ಒಂದು ಮಾತು. ಕಾಡಿನ ಮರದಿಂದ ಕಿತ್ತ ಗಿಡವನ್ನು ಯಾರಾದರೂ ಮಾರಲು ತಂದರೆ ಕೊಳ್ಳಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಅದರಲ್ಲಿ ಕೂಡಿಟ್ಟ ಆಹಾರವಿಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಮೊಳೆಯುತ್ತದೆ. ಹೀಗೆ ವರ್ಷಾನುಗಟ್ಟಲೆ ಬೆಳೆದ ಗಿಡ ಕಿತ್ತರೆ ಬೇಗ ಮರಳಿ ಬಾರದು. ನೀಲಿ ವ್ಯಾಂಡಾದಂಥ ಕೆಲವು ಜಾತಿಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ 1991ರ ತಿದ್ದುಪಡಿಯಿಂದ ರಕ್ಷಣೆ ದೊರೆಯಿತು. 1922ರಲ್ಲಿ ಅಮೆರಿಕದ ನಡ್ಸನ್ ಎಂಬ ವಿಜ್ಞಾನಿ, ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಆಹಾರದಲ್ಲೇ ಬೀಜ ಮೊಳೆಯಿಸುವ ಕ್ರಮವನ್ನು ತೋರಿಸಿಕೊಟ್ಟರು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಸಸಿಗಳು ಈಗ ನರ್ಸರಿಗಳಲ್ಲಿ ದೊರೆಯುತ್ತವೆ. ಅವನ್ನೇ ಕೊಳ್ಳಿ. ಒಂದು ಕುಂಡದಿಂದ ಆರಂಭಿಸಿ, ಈ ಚಳಿಗಾಲ ಅದನ್ನು ಉಳಿಸಿ, ಆಮೇಲೆ ಎರಡನೆಯದರ ಯೋಚನೆ ಮಾಡಿ.