ಬಿಸಿ ಎಲ್ಲಿ ಅಡಗಿತು?



ಇವತ್ತು ನಾವು ಒಲೆಯ ವಿಷಯ ಮಾತಾಡೋಣ. ಅಡುಗೆ ಮಾಡುವುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಲೆಯ ಮೇಲೆ ದಿನಾ ಒಂದು ಲೆಕ್ಕ ನಡೆಯುತ್ತದೆ. ಆ ಲೆಕ್ಕ ತಿಳಿದರೆ ಸೌದೆ ಉಳಿಯುತ್ತದೆ, ಗ್ಯಾಸು ಉಳಿಯುತ್ತದೆ. ಕೂಡುವುದು, ಗುಣಿಸುವುದು ನೀವು ಕಲಿತಿದ್ದೀರಿ. ಅಷ್ಟು ಸಾಕು.

ಅನ್ನಕ್ಕೆ ಎಸರು ಇಡುತ್ತೇವೆ. ನೀರು ಕಾಯುತ್ತಾ ಹೋಗುತ್ತದೆ. ಕೊನೆಗೆ ಕುದಿ ಬರುತ್ತದೆ. ಆಗ ಉರಿ ಇನ್ನೂ ಜೋರು ಮಾಡಿದರೆ ನೀರು ಇನ್ನೂ ಬಿಸಿ ಆಗುತ್ತದೆಯೇ?

ಆಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಇಲ್ಲ, ಆಗುವುದಿಲ್ಲ. ತೆರೆದ ಪಾತ್ರೆಯ ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ. ಆಮೇಲೆ ಎಷ್ಟೇ ಉರಿ ಹಾಕಿದರೂ ಅದರ ಬಿಸಿ ಅಲ್ಲಿಗೇ ನಿಲ್ಲುತ್ತದೆ.

ಹಾಗಾದರೆ ನಾವು ಹಾಕಿದ ಉರಿ ಎಲ್ಲಿಗೆ ಹೋಯಿತು? ನೀರನ್ನು ಆವಿ ಮಾಡುವುದಕ್ಕೆ ಹೋಯಿತು. ಆ ಶಾಖ ಆವಿಯೊಳಗೆ ಅಡಗಿ ಕೂತಿತು. ಇದಕ್ಕೆ ಗುಪ್ತೋಷ್ಣ ಅನ್ನುತ್ತಾರೆ. ಗುಪ್ತ ಅಂದರೆ ಅಡಗಿದ್ದು. ಉಷ್ಣ ಅಂದರೆ ಶಾಖ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ 1760ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು.

ನಾವೂ ಅಳೆಯೋಣ ಬನ್ನಿ.

ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತೇವೆ. ಶಾಖಕ್ಕೂ ಒಂದು ಅಳತೆ ಇದೆ. 1 ಲೀಟರ್ ನೀರಿನ ಬಿಸಿಯನ್ನು 1 ಡಿಗ್ರಿ ಏರಿಸಲು ಬೇಕಾದ ಶಾಖವೇ ಆ ಅಳತೆ. ಅದರ ಹೆಸರು ಕಿಲೋಕ್ಯಾಲೊರಿ. ನಾವು ಸುಲಭವಾಗಿ 'ಒಂದು ಅಳತೆ' ಅನ್ನೋಣ.

ನಲ್ಲಿಯ ನೀರು 25 ಡಿಗ್ರಿ ಇದೆ ಅಂದುಕೊಳ್ಳಿ. 100 ಡಿಗ್ರಿಗೆ ಬರಬೇಕು.
100 - 25 = 75
1 ಲೀಟರ್ ನೀರು ಕುದಿ ಬರಲು 75 ಅಳತೆ ಶಾಖ ಸಾಕು.

ಅದೇ 1 ಲೀಟರ್ ಪೂರ್ತಿ ಆವಿಯಾಗಿ ಹೋಗಬೇಕಾದರೆ? ಇನ್ನೂ 540 ಅಳತೆ ಬೇಕು! ಅಂದರೆ ಏಳು ಪಟ್ಟಿಗಿಂತ ಹೆಚ್ಚು. ಒಂದು ಲೀಟರ್ ನೀರು ಸುಮ್ಮನೆ ಆವಿಯಾಗಿ ಹೋದರೆ, ಏಳು ಲೀಟರ್ ಕುದಿಸುವ ಉರಿ ಗಾಳಿಗೆ ಹೋದ ಹಾಗೆ.

ನಮ್ಮ ಮನೆಯ ಲೆಕ್ಕ ನೋಡೋಣ. ಅನ್ನ, ಬೇಳೆ, ಕಾಫಿ, ಬಿಸಿನೀರು ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್ ಅನಾವಶ್ಯಕವಾಗಿ ಆವಿಯಾಯಿತು ಅಂತಿಟ್ಟುಕೊಳ್ಳಿ.
ಒಂದು ದಿನಕ್ಕೆ 270 ಅಳತೆ.
ಒಂದು ವರ್ಷಕ್ಕೆ 270 × 365 = 98,550 ಅಳತೆ.

1 ಕೆಜಿ ಗ್ಯಾಸಿನಿಂದ ಪಾತ್ರೆಗೆ ತಲುಪುವುದು ಸುಮಾರು 7,000 ಅಳತೆ. ಭಾಗಿಸಿದರೆ 14 ಕೆಜಿ ಬರುತ್ತದೆ. ಮನೆಯ ಸಿಲಿಂಡರಿನಲ್ಲಿ ಇರುವುದು 14.2 ಕೆಜಿ. ವರ್ಷಕ್ಕೆ ಒಂದು ಸಿಲಿಂಡರ್ ಆವಿಯ ಜೊತೆ ಹೋಯಿತು, ನೋಡಿ!

ಸೌದೆ ಒಲೆ ಆದರೆ? 1 ಕೆಜಿ ಒಣಸೌದೆಯಲ್ಲಿ ಸುಮಾರು 4,000 ಅಳತೆ ಶಾಖ ಇರುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲುಪುವುದು ಎಂಟರಲ್ಲಿ ಒಂದು ಪಾಲು, ಅಂದರೆ 500. ಹಾಗಾಗಿ ದಿನಕ್ಕೆ ಅರ್ಧ ಕೆಜಿಗಿಂತ ಸ್ವಲ್ಪ ಹೆಚ್ಚು ಸೌದೆ ದಂಡ. ವರ್ಷಕ್ಕೆ ಸುಮಾರು 200 ಕೆಜಿ. ಒಂದು ತಲೆಹೊರೆ 20 ಕೆಜಿ ಅಂದರೆ ಹತ್ತು ಹೊರೆ. ಆ ಹೊರೆ ಹೊರುವವರು ಯಾರು? ನಾವೇ ತಾನೇ?

ಅದಕ್ಕೆ ಏನು ಮಾಡಬೇಕು?
ಕುದಿ ಬರುವ ತನಕ ಉರಿ ಜೋರಾಗಿರಲಿ. ಬಂದ ಕೂಡಲೇ ಸಣ್ಣ ಮಾಡಿ. ಸಣ್ಣ ಉರಿಯಲ್ಲೂ ನೀರು 100 ಡಿಗ್ರಿಯೇ ಇರುತ್ತದೆ. ಅನ್ನ ಅಷ್ಟೇ ಹೊತ್ತಿಗೆ ಬೇಯುತ್ತದೆ.
ಪಾತ್ರೆಗೆ ಮುಚ್ಚಳ ಮುಚ್ಚಿ.
ಕುಕ್ಕರ್ ಕೂಗಿದ ಮೇಲೆ ಉರಿ ತಗ್ಗಿಸಿ.
ಕುಡಿಯುವ ನೀರು ಚೆನ್ನಾಗಿ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಬಹಳ ಹೊತ್ತು ಕುದಿಸಬೇಕಾಗಿಲ್ಲ.

ಅಡಗಿದ ಶಾಖ ಹೊರಗೂ ಬರುತ್ತದೆ. ಆವಿ ತಣ್ಣನೆಯ ವಸ್ತುವಿಗೆ ತಾಗಿದರೆ ಮತ್ತೆ ನೀರಾಗುತ್ತದೆ. ಆಗ ಅಡಗಿದ್ದ ಶಾಖವನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಇಡ್ಲಿ ಬೇಯುವುದು ಹೀಗೇ. ಆವಿ ತಾಗಿದರೆ ಕೈ ಹೆಚ್ಚು ಸುಡುವುದೂ ಇದರಿಂದಲೇ. ಆದ್ದರಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ನಿಮ್ಮ ಕಡೆ ಎತ್ತಬೇಡಿ. ಆಚೆ ಕಡೆಯಿಂದ ಎತ್ತಿ. ಮಕ್ಕಳನ್ನು ದೂರ ಇಡಿ. ಸುಟ್ಟರೆ ತಕ್ಷಣ 20 ನಿಮಿಷ ತಣ್ಣೀರು ಸುರಿಯುತ್ತಾ ಇರಿ. ಶಾಯಿ, ಟೂತ್‌ಪೇಸ್ಟ್, ಎಣ್ಣೆ ಹಚ್ಚಬೇಡಿ. ಗಾಯ ದೊಡ್ಡದಾದರೆ ಆಸ್ಪತ್ರೆಗೆ ಹೋಗಿ.

ಈಗ ಮಡಕೆಯ ವಿಷಯ. ಮಣ್ಣಿನ ಮಡಕೆಯಲ್ಲಿ ನೀರು ಯಾಕೆ ತಣ್ಣಗಿರುತ್ತದೆ? ಮಡಕೆಯ ಸಣ್ಣ ರಂಧ್ರಗಳಿಂದ ನೀರು ಜಿನುಗುತ್ತದೆ, ಒಣಗುತ್ತದೆ. ಒಣಗುವುದು ಅಂದರೆ ಕುದಿಯದೆಯೇ ಆವಿ ಆಗುವುದು. ಅದಕ್ಕೂ ಶಾಖ ಬೇಕು, ಲೀಟರಿಗೆ ಸುಮಾರು 580 ಅಳತೆ. ಅಲ್ಲಿ ಒಲೆ ಇಲ್ಲ. ಒಳಗಿನ ನೀರಿನಿಂದಲೇ ಶಾಖ ಎಳೆದುಕೊಳ್ಳುತ್ತದೆ. 10 ಲೀಟರ್ ಮಡಕೆಯಲ್ಲಿ 100 ಮಿಲಿಲೀಟರ್ ಒಣಗಿದರೆ 58 ಅಳತೆ ಹೋಗುತ್ತದೆ. ಅದೆಲ್ಲ ಒಳಗಿನ ನೀರಿನಿಂದಲೇ ಹೋದರೆ ನೀರು ಹೆಚ್ಚುಕಡಿಮೆ 6 ಡಿಗ್ರಿ ತಂಪಾಗುತ್ತದೆ. ಮಡಕೆಗೆ ಪೈಂಟ್ ಬಳಿದರೆ ರಂಧ್ರ ಮುಚ್ಚುತ್ತದೆ, ನೀರು ತಂಪಾಗುವುದಿಲ್ಲ.

ಮನೆಯನ್ನೂ ಹೀಗೇ ತಂಪು ಮಾಡಬಹುದು. ಗಾಳಿ ಬರುವ ಕಿಟಕಿಗೆ ಒದ್ದೆ ಗೋಣಿತಟ್ಟು ಅಥವಾ ಲಾವಂಚದ ತಟ್ಟಿ ಕಟ್ಟಿ. ಎದುರಿನ ಕಿಟಕಿ ತೆರೆದಿಡಿ. 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗಾಳಿಯನ್ನು 1 ಡಿಗ್ರಿ ಇಳಿಸಲು ಸುಮಾರು 8 ಅಳತೆ ಶಾಖ ಹೊರಗೆ ಹೋದರೆ ಸಾಕು. ಒಂದು ಲೀಟರ್ ನೀರು ಒಣಗುವಾಗ 580 ಅಳತೆ ಎಳೆದುಕೊಳ್ಳುತ್ತದೆ! ಆದರೆ ಬಿಸಿಲು ಸುಮ್ಮನಿರುವುದಿಲ್ಲ. ಮಾಳಿಗೆ, ಗೋಡೆ, ಹೊಸ ಗಾಳಿ ಶಾಖ ತರುತ್ತಲೇ ಇರುತ್ತವೆ. ಹಾಗಾಗಿ ಆಗಾಗ ನೀರು ಚಿಮುಕಿಸಬೇಕು. ತರಕಾರಿ ತೊಳೆದ ನೀರಾದರೂ ಆದೀತು. ಅಂಗಡಿಯಲ್ಲಿ ಮಾರುವ ಕೂಲರ್ ಮಾಡುವುದೂ ಇದೇ ಕೆಲಸ, ಅದಕ್ಕೆ ಫ್ಯಾನ್ ಇದೆ ಅಷ್ಟೇ.

ರಾಯಚೂರು, ಕಲಬುರಗಿ ಕಡೆಯ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಂಗಳೂರು, ಕಾರವಾರದ ಕಡೆ ಅಷ್ಟು ನಡೆಯದು. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ. ಬಟ್ಟೆಯೇ ಬೇಗ ಒಣಗುವುದಿಲ್ಲ, ಗೋಣಿ ಹೇಗೆ ಒಣಗೀತು?

ನಾಳೆ ನೀವೇ ಮಾಡಿ ನೋಡಿ. ಒಂದೇ ಅಳತೆಯ ಅಕ್ಕಿ, ಒಂದೇ ಅಳತೆಯ ನೀರು ತೆಗೆದುಕೊಳ್ಳಿ. ಒಂದು ಸಲ ಕುದಿ ಬಂದ ಮೇಲೂ ಜೋರು ಉರಿಯಲ್ಲಿ ಬೇಯಿಸಿ. ಇನ್ನೊಂದು ಸಲ ಉರಿ ಸಣ್ಣ ಮಾಡಿ, ಮುಚ್ಚಿ ಬೇಯಿಸಿ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸೌದೆ ಉರಿಯಿತು, ಪುಸ್ತಕದಲ್ಲಿ ಬರೆದಿಡಿ. ಮುಂದಿನ ತರಗತಿಯಲ್ಲಿ ಎಲ್ಲರೂ ಓದಿ ಹೇಳೋಣ.