ವಾಪಸ್ ಬರುವ ಹಣ: ಸೇರುವ ಮುನ್ನ ಒಂದು ಲೆಕ್ಕ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಅನುಚರರ ಮೇಲೆ ಅವನ ಕೃಪೆ ಸದಾ ಇರಲಿ.



ಕಳೆದ ವಾರ ಇಶಾ ನಮಾಝ್ ಮುಗಿಸಿ ಹೊರಡುವಾಗ ನಮ್ಮ ಜಮಾಅತಿನ ಓರ್ವ ಯುವಕ ನನ್ನನ್ನು ನಿಲ್ಲಿಸಿದ. ಕೈಯಲ್ಲಿ ಮೊಬೈಲ್ ಇತ್ತು. "ಉಸ್ತಾದ್, ವರ್ಷಕ್ಕೆ 1,500 ರೂಪಾಯಿ ಕಟ್ಟಿ ಸದಸ್ಯನಾದರೆ ಈ ಆ್ಯಪ್‌ನಲ್ಲಿ ಏನು ಖರೀದಿಸಿದರೂ ಸ್ವಲ್ಪ ಹಣ ವಾಪಸ್ ಬರುತ್ತದಂತೆ. ಸೇರಬಹುದಾ?" ಎಂದು ಕೇಳಿದ. ಅದಾಗಿ ಎರಡು ದಿನಕ್ಕೆ, ಬೀಡಿ ಕಟ್ಟಿ ಬದುಕು ಸಾಗಿಸುವ ಓರ್ವ ವಿಧವೆ ತಾಯಿ ಮನೆಗೆ ಬಂದರು. ಅವರೂ ಅಂಥದ್ದೇ ಒಂದು 'ಕ್ಯಾಶ್‌ಬ್ಯಾಕ್' ಯೋಜನೆಗೆ 6,000 ರೂಪಾಯಿ ಕಟ್ಟಿದ್ದರು. ತಂಗಿಯ ಮಗನೇ ಬಂದು ಸೇರಿಸಿದ್ದ. ಅವರ ಪ್ರಶ್ನೆ ಬೇರೆಯೇ ಇತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಇವೆರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಮೊದಲು ನಾವು ಹಣ ಕಟ್ಟುವುದು, ಆಮೇಲೆ ಅವರು ಹಣ ಮರಳಿಸುವುದು. ಆದರೆ ಒಳಗೆ ಇವು ಎರಡು ಬೇರೆ ಬೇರೆ ವ್ಯವಹಾರಗಳು. ಆದ್ದರಿಂದ ಒಂದೊಂದಾಗಿಯೇ ನೋಡೋಣ.

ಕ್ಯಾಶ್‌ಬ್ಯಾಕ್ ಎಂಬುದು ಹೊಸ ಪದವಾದರೂ ವಿಷಯ ಹಳೆಯದು. ಅಂಗಡಿಯವರು ಸಾವಿರ ರೂಪಾಯಿಯ ಸಾಮಾನಿಗೆ ಐವತ್ತು ಬಿಟ್ಟು ಕೊಡುತ್ತಾರೆ. ಕೊಳ್ಳುವಾಗ ಮತ್ತು ಮಾರುವಾಗ ಉದಾರಿಯಾಗಿರುವವನಿಗೆ ಪ್ರವಾದಿ(ಸ)ರು ಅಲ್ಲಾಹನ ಕರುಣೆಯನ್ನು ಬೇಡಿದ್ದಾರೆ. ಮಾರುವವನು ತನ್ನ ಲಾಭದಲ್ಲೇ ಸ್ವಲ್ಪ ಬಿಟ್ಟುಕೊಟ್ಟರೆ ಅದು ಬೆಲೆಯಲ್ಲಿ ಮಾಡಿದ ರಿಯಾಯಿತಿ. ಅದರಲ್ಲಿ ತಪ್ಪೇನೂ ಇಲ್ಲ. ಪ್ರಶ್ನೆ ಏಳುವುದು ಆ ರಿಯಾಯಿತಿ ಸಿಗಬೇಕಾದರೆ ಮೊದಲು ಹಣ ಕಟ್ಟಬೇಕು ಎಂದಾಗ.

ನಮ್ಮ ಫಿಕ್ಹ್‌ನಲ್ಲಿ 'ಗರರ್' ಎಂಬ ಮಾತಿದೆ. ಕೊಡುವುದು ಖಚಿತ, ಪಡೆಯುವುದು ಅನಿಶ್ಚಿತ ಎಂಬಂತಹ ವ್ಯವಹಾರಕ್ಕೆ ಆ ಹೆಸರು. ನೀರಿನಲ್ಲಿರುವ ಮೀನನ್ನು, ಆಕಾಶದಲ್ಲಿ ಹಾರುವ ಹಕ್ಕಿಯನ್ನು ಮಾರುವುದು ಅದಕ್ಕೆ ವಿದ್ವಾಂಸರು ಕೊಡುವ ಹಳೆಯ ಉದಾಹರಣೆ. ಪ್ರವಾದಿ(ಸ)ರು ಅಂತಹ ಮಾರಾಟವನ್ನು ನಿಷೇಧಿಸಿದ್ದಾರೆ. ಮಕ್ಕಾದ ರಾಬಿತಾ ಸಂಸ್ಥೆಯ ಫಿಕ್ಹ್ ಅಕಾಡೆಮಿಯು 2006ರಲ್ಲಿ ಹಣ ಕೊಟ್ಟು ಪಡೆಯುವ ರಿಯಾಯಿತಿ ಕಾರ್ಡುಗಳ ಬಗ್ಗೆ ಚರ್ಚಿಸಿ, ಅದು ಸಲ್ಲದು ಎಂದು ತೀರ್ಮಾನಿಸಿತು. ಕಾರಣ ಇದೇ: ಕಟ್ಟುವ ಶುಲ್ಕ ಗೊತ್ತು, ಅದಕ್ಕೆ ಪ್ರತಿಯಾಗಿ ಎಷ್ಟು ಸಿಗುತ್ತದೆಂದು ಯಾರಿಗೂ ಗೊತ್ತಿಲ್ಲ. ಉಚಿತವಾಗಿ ಕೊಡುವ ಕಾರ್ಡಿಗೆ ಅಭ್ಯಂತರವಿಲ್ಲ ಎಂದೂ ಹೇಳಿತು. ಆದರೆ ಶುಲ್ಕಕ್ಕೆ ಪ್ರತಿಯಾಗಿ ಉಚಿತ ಡೆಲಿವರಿಯಂತಹ ಸ್ಪಷ್ಟ ಸೇವೆ ಸಿಗುವುದಾದರೆ ಅದು ಸೇವೆಗೆ ಕೊಡುವ ಬಾಡಿಗೆಯಂತೆ ಎಂದು ಅನುಮತಿಸುವ ವಿದ್ವಾಂಸರೂ ಇದ್ದಾರೆ. ಅಭಿಪ್ರಾಯ ಭೇದವಿರುವ ಈ ವಿಷಯದಲ್ಲಿ ನೀವು ವಿಶ್ವಾಸವಿಡುವ ಉಲಮಾಗಳಲ್ಲಿ ಕೇಳಿ. ಇಂದು ನಾನು ಹೇಳಹೊರಟದ್ದು ಅದರ ಮುಂದಿನ ಮಾತು. ಅನುಮತಿ ಇದೆ ಎಂದ ಮಾತ್ರಕ್ಕೆ ಲಾಭವಿದೆ ಎಂದಾಗುವುದಿಲ್ಲ. ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಎಲ್ಲಿ ವ್ಯಯಿಸಿದೆ ಎಂಬ ಎರಡೂ ಪ್ರಶ್ನೆಗಳು ನಾಳೆ ನಮ್ಮ ಮುಂದಿವೆ.

ನನ್ನದೇ ಕತೆ ಹೇಳುತ್ತೇನೆ. ನಾನೂ ಒಂದು ವರ್ಷ ಇಂಥ ಸದಸ್ಯತ್ವಕ್ಕೆ 1,200 ರೂಪಾಯಿ ಕಟ್ಟಿದ್ದೆ. ವರ್ಷದ ಕೊನೆಗೆ ಮಗಳು ಕುಳಿತು ಲೆಕ್ಕ ತೆಗೆದಳು. ಬಂದದ್ದು 740 ರೂಪಾಯಿ. ಅದೂ ಬ್ಯಾಂಕಿಗೆ ಬಂದದ್ದಲ್ಲ, ಅದೇ ಆ್ಯಪ್‌ನ ವಾಲೆಟ್‌ಗೆ. ಅದರಲ್ಲಿ 200 ರೂಪಾಯಿ ಗಡುವು ಮೀರಿ ಕರಗಿ ಹೋಗಿತ್ತು. ಉಳಿದದ್ದು 540. ಅಷ್ಟರ ಮೇಲೆ, ಮನೆಯಲ್ಲಿ ಎರಡು ಫ್ಲಾಸ್ಕ್ ಇದ್ದರೂ ಮೂರನೆಯದು ಬಂದು ಕುಳಿತಿತ್ತು. ಯಾಕೆ ತಂದೆ ಎಂದರೆ, ಇನ್ನೂ 180 ರೂಪಾಯಿಯ ಖರೀದಿ ಮಾಡಿದರೆ ಕ್ಯಾಶ್‌ಬ್ಯಾಕ್ ಸಿಗುತ್ತದೆ ಎಂದು ಆ್ಯಪ್ ಹೇಳಿತ್ತು. ಮೂವತ್ತು ರೂಪಾಯಿ ಉಳಿಸಲು ನಾನು ಬೇಡದ ವಸ್ತುವಿಗೆ ಹಣ ಕೊಟ್ಟಿದ್ದೆ. ದುಂದುವೆಚ್ಚದ ಬಗ್ಗೆ ಇದೇ ಮಿಂಬರಿನಿಂದ ಎಷ್ಟೋ ಬಾರಿ ಮಾತಾಡಿದ ನಾನು, ಉಳಿತಾಯದ ಹೆಸರಿನಲ್ಲಿ ಅದೇ ತಪ್ಪನ್ನು ಮಾಡಿದ್ದೆ.

ಆದ್ದರಿಂದ ಸಹೋದರರೇ, ಸೇರುವ ಮುನ್ನ ಒಂದು ಚಿಕ್ಕ ಲೆಕ್ಕ ಮಾಡಿ. ಶುಲ್ಕ 1,500 ರೂಪಾಯಿ, ವಾಪಸ್ ಬರುವುದು ಶೇ. 5 ಎಂದಾದರೆ, ಕಟ್ಟಿದ ಹಣ ಮರಳಬೇಕಾದರೇ ವರ್ಷಕ್ಕೆ 30,000 ರೂಪಾಯಿಯ ಖರೀದಿಯಾಗಬೇಕು. ಶೇ. 2 ಎಂದಾದರೆ 75,000 ರೂಪಾಯಿಯದ್ದು. ಲಾಭ ಶುರುವಾಗುವುದು ಅದರ ನಂತರ. ತಿಂಗಳಿಗೆ ಹೆಚ್ಚೆಂದರೆ 100 ರೂಪಾಯಿ ಮಾತ್ರ ಎಂಬ ಮಿತಿ ಇದ್ದರೆ, ಎಷ್ಟು ಖರೀದಿಸಿದರೂ ವರ್ಷಕ್ಕೆ ಬರುವುದು 1,200. ಅಂದರೆ ಆ ಯೋಜನೆಯಲ್ಲಿ ನಷ್ಟ ಮೊದಲ ದಿನವೇ ಬರೆದಿಟ್ಟಾಗಿದೆ.

ಇದರಿಂದ ಪ್ರಯೋಜನ ಪಡೆಯುವವರು ಇಲ್ಲವೆಂದಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ತಂದೆ ಇದ್ದಾರೆ, ಪ್ರತಿ ತಿಂಗಳೂ ಅವರ ಡೈಪರ್, ಪೌಷ್ಟಿಕ ಪುಡಿ ಎಂದು 4,000 ರೂಪಾಯಿಯ ಸಾಮಾನು ಹೇಗೂ ತರಿಸಲೇಬೇಕು ಎಂದಿಟ್ಟುಕೊಳ್ಳಿ. ಶೇ. 5ರಂತೆ ವರ್ಷಕ್ಕೆ 2,400 ರೂಪಾಯಿ ಬರುತ್ತದೆ. ಶುಲ್ಕ ಕಳೆದು 900 ಉಳಿಯಿತು. ಅಂತಹವರಿಗೆ ಅದು ಸರಿಯಾದ ಲೆಕ್ಕ. ವ್ಯತ್ಯಾಸ ಇರುವುದು ಆ 'ಹೇಗೂ' ಎಂಬ ಪದದಲ್ಲಿ. ಯೋಜನೆ ಇಲ್ಲದಿದ್ದರೂ ಖರೀದಿಸುತ್ತಿದ್ದೆನೇ ಎಂದು ಮನಸ್ಸನ್ನು ಕೇಳಿ. ಹೌದು ಎಂದಾದರೆ ಮಾತ್ರ ಅದು ಉಳಿತಾಯ. ಬೇರೆ ಕಡೆ ಅದೇ ವಸ್ತುವಿನ ಬೆಲೆ ಎಷ್ಟು ಎಂದೂ ನೋಡಿ. ಐವತ್ತು ಹೆಚ್ಚು ಕೊಟ್ಟು ನಲವತ್ತು ವಾಪಸ್ ಪಡೆಯುವುದರಲ್ಲಿ ಏನಿದೆ?

ಇನ್ನು ಕ್ಯಾಶ್‌ಬ್ಯಾಕ್ ಆಸೆಗೆ ಕ್ರೆಡಿಟ್ ಕಾರ್ಡ್ ಮಾಡಿಸಿಕೊಂಡವರಿಗೆ ಒಂದು ಮಾತು. ಗಡುವಿನೊಳಗೆ ಪೂರ್ತಿ ಹಣ ಕಟ್ಟದಿದ್ದರೆ ಹೆಚ್ಚಿನ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3ರಿಂದ 4ರವರೆಗೆ ಬಡ್ಡಿ ಬೀಳುತ್ತದೆ. ಶೇ. 5ರ ಆಸೆಗೆ ಬಡ್ಡಿಯ ಬಾಗಿಲನ್ನು ತೆರೆದಿಡಬೇಡಿ.

ಒಮ್ಮೆ ಪ್ರವಾದಿ(ಸ)ರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗಿನದು ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ, ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬೇಕಿತ್ತಲ್ಲವೇ ಎಂದು ಎಚ್ಚರಿಸಿದರು, ವಂಚಿಸುವವನು ನಮ್ಮವನಲ್ಲ ಎಂದರು. ಇಂದಿನ ಒದ್ದೆ ಧಾನ್ಯ ಎಲ್ಲಿದೆ ಗೊತ್ತೇ? 'ಷರತ್ತುಗಳು ಅನ್ವಯ' ಎಂಬ ಸಣ್ಣ ಅಕ್ಷರಗಳ ಅಡಿಯಲ್ಲಿದೆ. ಮೊದಲ ತಿಂಗಳು ಉಚಿತ ಎಂದು ದೊಡ್ಡದಾಗಿ ಇರುತ್ತದೆ. ಎರಡನೇ ತಿಂಗಳಿನಿಂದ ತಾನಾಗಿಯೇ ಹಣ ಕಡಿತವಾಗುತ್ತದೆ ಎಂಬುದು ಕೆಳಗೆ ಇರುತ್ತದೆ.

ಅಮೆರಿಕದಲ್ಲಿ ಇದು ದೊಡ್ಡ ಹಗರಣವೇ ಆಗಿತ್ತು. ಜನರು ಆನ್‌ಲೈನಿನಲ್ಲಿ ಏನೋ ಖರೀದಿಸಿ ಮುಗಿಸುವಷ್ಟರಲ್ಲಿ ಕ್ಯಾಶ್‌ಬ್ಯಾಕ್ ಕೊಡುಗೆಯ ಒಂದು ಕಿಟಕಿ ತೆರೆದುಕೊಳ್ಳುತ್ತಿತ್ತು. ಒಪ್ಪಿ ಒತ್ತಿದರೆ ಪ್ರತಿ ತಿಂಗಳೂ ಕಾರ್ಡಿನಿಂದ ಸದಸ್ಯತ್ವದ ಹಣ ಹೋಗುತ್ತಿತ್ತು. 2009ರಲ್ಲಿ ಅಲ್ಲಿನ ಸೆನೆಟ್ ಸಮಿತಿ ತನಿಖೆ ಮಾಡಿದಾಗ, ಇಂಥ ಮೂರು ಕಂಪನಿಗಳು ಜನರಿಂದ 140 ಕೋಟಿ ಡಾಲರಿಗೂ ಹೆಚ್ಚು ಹಣ ಪಡೆದದ್ದು ಗೊತ್ತಾಯಿತು. ತಾವು ಸದಸ್ಯರು ಎಂಬುದೇ ಬಹುತೇಕ ಸದಸ್ಯರಿಗೆ ತಿಳಿದಿರಲಿಲ್ಲ. ಅದನ್ನು ತಡೆಯಲು 2010ರಲ್ಲಿ ಅಲ್ಲಿ ಕಾನೂನೇ ಬಂತು. ನಮ್ಮ ದೇಶದಲ್ಲೂ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ಮಾಡಿಟ್ಟ ಸದಸ್ಯತ್ವದ ಬಲೆಯೂ ಅದರಲ್ಲಿ ಒಂದು.

ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮೊಬೈಲಿನ ಯುಪಿಐ ಆ್ಯಪ್‌ನಲ್ಲಿ 'ಆಟೋಪೇ' ಎಂಬಲ್ಲಿ ನೋಡಿ. ಯಾವುದಕ್ಕೆಲ್ಲ ನೀವು ಒಪ್ಪಿಗೆ ಕೊಟ್ಟಿದ್ದೀರಿ ಎಂಬುದು ಅಲ್ಲಿ ಸಿಗುತ್ತದೆ. ಬೇಡದ್ದನ್ನು ರದ್ದುಮಾಡಿ. ಇಂಥ ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಸಂದೇಶವನ್ನು ಓದದೆ ಅಳಿಸಬೇಡಿ. ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ಕೊಡಿ. ಹಕ್ಕನ್ನು ಕೇಳುವುದು ಜಗಳವಲ್ಲ.

ಈಗ ಎರಡನೆಯ ಬಗೆಗೆ ಬರೋಣ. ಇಲ್ಲಿಯೂ ಕ್ಯಾಶ್‌ಬ್ಯಾಕ್ ಎಂದೇ ಹೇಳುತ್ತಾರೆ, ಶಾಪಿಂಗ್ ಕಾರ್ಡ್ ಎಂದೇ ಕೊಡುತ್ತಾರೆ. ಆದರೆ ಮಾತು ಎರಡು ನಿಮಿಷ ಮುಂದುವರಿದರೆ ವಿಷಯ ಶಾಪಿಂಗ್ ಬಿಟ್ಟು ಜನ ಸೇರಿಸುವುದಕ್ಕೆ ಹೋಗುತ್ತದೆ. ನಿನ್ನ ಕೆಳಗೆ ಐವರನ್ನು ಸೇರಿಸು, ಅವರ ಕೆಳಗೆ ಐವರು ಸೇರಲಿ, ಕುಳಿತಲ್ಲಿಗೇ ಹಣ ಬರುತ್ತದೆ ಎನ್ನುತ್ತಾರೆ. ಆಗ ಕೇಳಬೇಕಾದದ್ದು ಒಂದೇ ಪ್ರಶ್ನೆ. ನನಗೆ ಬರುವ ಹಣ ಎಲ್ಲಿಂದ ಬರುತ್ತದೆ? ವಸ್ತು ಮಾರಿದ ಲಾಭದಿಂದಲೋ, ನನ್ನ ನಂತರ ಸೇರಿದವನ ಜೇಬಿನಿಂದಲೋ?

ಐದರ ಲೆಕ್ಕವನ್ನು ಮಕ್ಕಳಲ್ಲಿ ಮಾಡಿಸಿ ನೋಡಿ. ಐದು, ಇಪ್ಪತ್ತೈದು, ನೂರಿಪ್ಪತ್ತೈದು ಎಂದು ಏರುತ್ತಾ ಹತ್ತನೆಯ ಮೆಟ್ಟಿಲಿಗೆ 97 ಲಕ್ಷ ಜನ ಬೇಕು. ಹನ್ನೆರಡನೆಯದಕ್ಕೆ 24 ಕೋಟಿ. 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆಯೇ 6.11 ಕೋಟಿ. ಎಲ್ಲಿ ನಿಂತರೂ ಸೇರಿದ ಪ್ರತಿ ಐವರಲ್ಲಿ ನಾಲ್ವರು ಕೊನೆಯ ಮೆಟ್ಟಿಲಿನಲ್ಲೇ ಇರುತ್ತಾರೆ, ಅವರ ಕೆಳಗೆ ಯಾರೂ ಇರುವುದಿಲ್ಲ. ಮೇಲಿನವರ ಲಾಭವೆಂದರೆ ಆ ನಾಲ್ವರ ನಷ್ಟ. ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬಾರದು ಎಂದು ಅನ್ನಿಸಾ ಅಧ್ಯಾಯದಲ್ಲಿ ನಮ್ಮನ್ನು ತಡೆದಿರುವುದು ಇಂಥದ್ದನ್ನೇ. ಸೌದಿಯ ಶಾಶ್ವತ ಫತ್ವಾ ಸಮಿತಿ 2004ರಲ್ಲಿಯೇ ಜನ ಸೇರಿಸಿ ಕಮಿಷನ್ ಪಡೆಯುವ ಈ ಸರಪಳಿ ವ್ಯಾಪಾರ ನಿಷಿದ್ಧ ಎಂದಿದೆ. ಇಲ್ಲಿ ವಸ್ತು ಬರೀ ನೆಪ, ನಡೆಯುವುದು ಹಣಕ್ಕೆ ಹಣದ ವಿನಿಮಯ ಎಂಬುದು ಅದರ ಕಾರಣ. ದೇಶದ ಕಾನೂನೂ ಇದನ್ನು ಒಪ್ಪುವುದಿಲ್ಲ. 1978ರ ಕಾಯ್ದೆ ಹಣ ಚಲಾವಣೆಯ ಯೋಜನೆಗಳನ್ನು ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ತಡೆಯುತ್ತವೆ, ಮಾರಾಟಗಾರನಾಗಿ ಸೇರಲು ಪ್ರವೇಶ ಶುಲ್ಕ ಪಡೆಯಬಾರದು ಎನ್ನುತ್ತವೆ.

'ಹಲಾಲ್' ಎಂಬ ಹೆಸರು ಕೇಳಿ ಮೋಸಹೋಗಬೇಡಿ. 2019ರಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗ ಏನಾಯಿತೆಂದು ನಮಗೆಲ್ಲ ನೆನಪಿದೆ. ಅದು ಕ್ಯಾಶ್‌ಬ್ಯಾಕ್ ಅಲ್ಲ, ಹೂಡಿಕೆ. ಆದರೆ ಸಾವಿರಾರು ಕುಟುಂಬಗಳು ಹಣ ಇಟ್ಟದ್ದು ಲೆಕ್ಕಪತ್ರ ನೋಡಿ ಅಲ್ಲ, ಹಲಾಲ್ ಎಂಬ ಮಾತನ್ನು ನಂಬಿ. ಯಾರೇ ಆಗಲಿ, ಎಷ್ಟೇ ಧಾರ್ಮಿಕವಾಗಿ ಮಾತಾಡಲಿ, ಲೆಕ್ಕ ಕೇಳುವುದು ನಮ್ಮ ಹೊಣೆ.

ಈಗ ಆ ತಾಯಿಯ ಮಾತು. 6,000 ರೂಪಾಯಿ ಎಂದರೆ ಮಗಳ ಕಾಲೇಜು ಶುಲ್ಕಕ್ಕೆಂದು ಬೀಡಿ ಕಟ್ಟಿ ಕೂಡಿಟ್ಟದ್ದು. ಯಾಕೆ ಕೊಟ್ಟಿರಿ ಎಂದು ಕೇಳಿದೆ. "ತಂಗಿಯ ಮಗ ಉಸ್ತಾದರೇ, ಮನೆಗೆ ಬಂದು ಚಾ ಕುಡಿದು ಕೇಳಿದ. ಇಲ್ಲ ಅನ್ನಲು ಬಾಯಿ ಬರಲಿಲ್ಲ" ಎಂದರು. ಹಣ ಕೊಡಿಸಬೇಕೆಂದು ಬಂದಿರಬಹುದು ಎಂದುಕೊಂಡೆ. ಅವರು ಹೇಳಿದ್ದು ಬೇರೆ. "ಹಣ ಹೋದರೆ ಹೋಗಲಿ. ಹುಡುಗ ಈ ಸಲ ಪೆರ್ನಾಲಿಗೆ ನಮ್ಮ ಮನೆಗೆ ಬರಲಿಲ್ಲ. ನಾನು ಕೇಳುತ್ತೇನೆಂದು ಹೆದರಿದ್ದಾನೆ. ಬರಲು ಹೇಳಿ."

ಸಹೋದರರೇ, ಈ ಯೋಜನೆಗಳು ಮಾರುವುದು ಸೋಪು, ಪುಡಿ, ಕಾರ್ಡುಗಳನ್ನಲ್ಲ. ಮಾರುವುದು ನಮ್ಮ ರಕ್ತಸಂಬಂಧವನ್ನು. ಅಪರಿಚಿತ ಕೇಳಿದರೆ ಕೊಡದ ಹಣವನ್ನು ನಾವು ಅಕ್ಕನ ಮಗನಿಗೆ, ಭಾವನಿಗೆ, ಮದ್ರಸದ ಗೆಳೆಯನಿಗೆ ಕೊಡುತ್ತೇವೆ. ನಂತರ ಹಣವೂ ಇಲ್ಲ, ಬರುಹೋಗುವಿಕೆಯೂ ಇಲ್ಲ. ರಕ್ತಸಂಬಂಧ ಕಡಿಯುವುದು ಎಂತಹ ಪಾಪ ಎಂದು ಇಲ್ಲಿ ಕುಳಿತ ಯಾರಿಗೂ ಹೇಳಿಕೊಡಬೇಕಿಲ್ಲ.

ಆದ್ದರಿಂದ ಯಾರನ್ನಾದರೂ ಸೇರಿಸಿದ್ದರೆ, ನೀವೇ ಅವರ ಮನೆಗೆ ಹೋಗಿ. ನಿಮಗೂ ಮೋಸವಾಗಿದೆ ಎಂಬುದು ನಿಜ. ಆದರೂ ಅವರು ಕಂಪನಿಯನ್ನು ನೋಡಿ ಕೊಟ್ಟದ್ದಲ್ಲ, ನಿಮ್ಮ ಮುಖ ನೋಡಿ ಕೊಟ್ಟದ್ದು. ತಿಂಗಳಿಗೆ ಐನೂರಾದರೂ ಹಿಂದಿರುಗಿಸಿ. ಅದೂ ಆಗದಿದ್ದರೆ ಕ್ಷಮೆ ಕೇಳಿ. ಅಡಗಿ ಕೂರಬೇಡಿ. ಸಂಬಂಧಿಕರು ಕೇಳಿದಾಗ ಇಲ್ಲ ಎನ್ನಲು ಕಲಿಯುವುದೂ ಒಂದು ಉಪಕಾರ. ನೀವು ಇಲ್ಲವೆಂದರೆ ಅವರೂ ಅಲ್ಲಿಗೇ ನಿಲ್ಲಬಹುದು. ಮಸೀದಿಯ ಅಂಗಳದಲ್ಲಿ, ಜಮಾಅತಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥ ಯೋಜನೆಗಳ ಪ್ರಚಾರಕ್ಕೆ ಅವಕಾಶ ಕೊಡಬಾರದೆಂದು ಆಡಳಿತ ಸಮಿತಿಯವರಲ್ಲಿಯೂ ವಿನಂತಿಸುತ್ತೇನೆ.

ಆ ಮೊದಲ ಯುವಕನಿಗೆ ನಾನು ಆ ರಾತ್ರಿ ಹೌದು, ಅಲ್ಲ ಎಂದು ಹೇಳಲಿಲ್ಲ. ಕಳೆದ ವರ್ಷ ಆ ಆ್ಯಪ್‌ನಲ್ಲಿ ಎಷ್ಟು ಖರೀದಿಸಿದ್ದೀಯ ನೋಡು ಎಂದೆ. ಮಸೀದಿಯ ಮೆಟ್ಟಿಲಲ್ಲೇ ಕುಳಿತು ಕೂಡಿಸಿದ. 11,000 ರೂಪಾಯಿ. ಶೇ. 5 ಎಂದರೆ 550. ಅದಕ್ಕಾಗಿ 1,500 ಕಟ್ಟಬೇಕು. ನಕ್ಕು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಆ ಹುಡುಗನಿಗೂ, ದೊಡ್ಡಮ್ಮನ ಮನೆಗೆ ಹೋಗಲು ಹೆದರಿರುವ ಆ ಇನ್ನೊಬ್ಬ ಹುಡುಗನಿಗೂ ಅಲ್ಲಾಹನು ಬರ್ಕತ್ ನೀಡಲಿ. ನಮ್ಮ ಗಳಿಕೆಯನ್ನು ಶುದ್ಧಗೊಳಿಸಲಿ, ವೆಚ್ಚದಲ್ಲಿ ವಿವೇಕ ಕೊಡಲಿ, ಮುರಿದ ಸಂಬಂಧಗಳನ್ನು ಬೆಸೆಯಲಿ. ಆಮೀನ್.